ಒಂದು ಕಟ್ಟು ಕೊತ್ತಂಬರಿಗೆ ಐನೂರು ರೂಪಾಯಿ!

ಹರಾಜು ಎಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಐಪಿಎಲ್. ಯಾವ ಆಟಗಾರ ಎಷ್ಟು ಕೋಟಿಗೆ ಹೋದ ಎಂದು ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಮೊಬೈಲ್ ಹಿಡಿದು ಕೂರುತ್ತದೆ. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಐನೂರು ರೂಪಾಯಿಗೆ ಹೋಗುವ, ಒಂದೇ ಸಿಹಿಗುಂಬಳ ಮೂರು ಸಲ ಮಾರಾಟವಾಗುವ ಹರಾಜನ್ನು ನೋಡಿದ್ದೀರಾ? ಅದಕ್ಕೆ ಮಧುಗಿರಿ ಕಡೆಯ ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಬರಬೇಕು.

ನಮ್ಮದು ಸಿಎಸ್‌ಐಗೆ ಸೇರಿದ ಪುಟ್ಟ ಸಭೆ. ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತಷ್ಟೇ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪ್ರಾಟೆಸ್ಟೆಂಟ್ ಸಭೆಗಳು ಮದ್ರಾಸಿನಲ್ಲಿ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಅದಕ್ಕೂ ಮುಂಚೆ ತುಮಕೂರು ಸೀಮೆಯಲ್ಲಿ ಇದ್ದದ್ದು ವೆಸ್ಲಿಯನ್ ಮೆಥಡಿಸ್ಟ್ ಮಿಷನ್. ಗುಬ್ಬಿಯಲ್ಲಿದ್ದ ವಿಲಿಯಂ ಆರ್ಥರ್ ಎಂಬ ಮಿಷನರಿ ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲೇ ಇಂಗ್ಲಿಷ್ ಪುಸ್ತಕವಾಗಿ ಬರೆದಿದ್ದರು. ಅಂದರೆ ಈ ಆರಾಧನೆಗೆ ನಮ್ಮ ಜಿಲ್ಲೆಯಲ್ಲಿ ನೂರೈವತ್ತು ವರ್ಷ ಮೀರಿದ ಚರಿತ್ರೆ ಇದೆ.

ಚರ್ಚ್ ಎಂದರೆ ಕ್ರಿಸ್ಮಸ್ ಕೇಕು ಎಂದಷ್ಟೇ ಗೊತ್ತಿರುವ ಗೆಳತಿಯರು ನನಗೆ ಬಹಳ ಮಂದಿ ಇದ್ದಾರೆ. ಆದರೆ ಸಭೆಗೆ ಇಡೀ ವರ್ಷದ ಲಯವೇ ಬೇರೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ಆ ಚಳಿಯಲ್ಲಿ ತಮಟೆ, ಗಿಟಾರ್ ಹಿಡಿದು ಮನೆ ಮನೆಗೆ ಕ್ಯಾರಲ್ಸ್ ಹೊರಡುತ್ತೇವೆ. ಪಾವಗಡದ ನೆಂಟರು ಜತೆಯಾದರೆ ಕನ್ನಡದ ಮಧ್ಯೆ ತೆಲುಗು ಹಾಡೂ ಸೇರುತ್ತದೆ. ಮೂರು ದಿಕ್ಕಿಗೂ ಆಂಧ್ರ ಇರುವ ತಾಲ್ಲೂಕಲ್ಲವೇ? ಆಮೇಲೆ ನಲವತ್ತು ದಿನದ ಲೆಂತ್. ಗರಿಗಳ ಭಾನುವಾರಕ್ಕೆ ತೆಂಗಿನ ಗರಿ, ಈಚಲು ಗರಿ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಮಧುಗಿರಿ ಬಿಸಿಲಿನಲ್ಲಿ, ಶೀಟಿನ ಚಾವಣಿಯ ಕೆಳಗೆ ಆ ಮೂರು ಗಂಟೆ ಕೂತವರಿಗೇ ಗೊತ್ತು ಅದರ ಕಷ್ಟ! ಈಸ್ಟರ್ ಯಾವಾಗ ಎಂಬುದಕ್ಕೆ ಯುಗಾದಿಯಂತೆಯೇ ಚಂದ್ರನ ಲೆಕ್ಕ ಬೇಕು. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್.

ಇವೆಲ್ಲಕ್ಕಿಂತ ನಮ್ಮ ಮಣ್ಣಿಗೆ ಹತ್ತಿರವಾದದ್ದು ಸುಗ್ಗಿ ಹಬ್ಬ. ಮೊದಲ ಬೆಳೆಯನ್ನು ಪುಟ್ಟಿಯಲ್ಲಿಟ್ಟು ದೇವರಿಗೆ ಅರ್ಪಿಸುವ ಮಾತು ಬೈಬಲಿನ ಧರ್ಮೋಪದೇಶಕಾಂಡದಲ್ಲೇ ಇದೆ. ಚರ್ಚುಗಳಲ್ಲಿ ಇವತ್ತು ನಡೆಯುವ ರೂಪಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ರಾಬರ್ಟ್ ಹಾಕರ್ ಎಂಬ ಪಾದ್ರಿ 1843ರಲ್ಲಿ ನಡೆಸಿದ ಕೃತಜ್ಞತಾ ಆರಾಧನೆ ಮೂಲವೆನ್ನುತ್ತಾರೆ. ಅಲ್ಲಿ ಗೋಧಿ ಕೊಯ್ಲು ಮುಗಿಯುವ ಸೆಪ್ಟೆಂಬರ್, ಅಕ್ಟೋಬರ್ ಅದರ ಕಾಲ. ನಮ್ಮಲ್ಲಿ ಆಗ ರಾಗಿ ಇನ್ನೂ ಹೊಲದಲ್ಲೇ ಇರುತ್ತದೆ! ಹಾಗಾಗಿ ನಮ್ಮ ಹಿರಿಯರು ಕಣದ ಕೆಲಸ ಮುಗಿದ ಮೇಲಿನ ಒಂದು ಭಾನುವಾರವನ್ನು ಗೊತ್ತು ಮಾಡಿಕೊಂಡಿದ್ದಾರೆ.

ಅಂದು ಪೀಠದ ಮುಂದೆ ರಾಗಿ ಮೂಟೆ, ಶೇಂಗಾ, ಅವರೆಕಾಯಿ, ಹುಣಸೆಹಣ್ಣು, ಎಳನೀರು ಗೊನೆ, ನಾಟಿ ಕೋಳಿ, ಡಜನ್ ಮೊಟ್ಟೆ ಎಲ್ಲ ಬಂದು ಕೂರುತ್ತವೆ. ಪ್ರಾರ್ಥನೆ ಮಧ್ಯೆ ಕೋಳಿ ಕೂಗಿದರೆ ಸಭಾಪಾಲಕರೂ ನಗುತ್ತಾರೆ. ಆರಾಧನೆ ಮುಗಿದು ಬಯಲಲ್ಲಿ ಹರಾಜು ಶುರು. ಇಲ್ಲಿನ ನಿಯಮ ಮಾರುಕಟ್ಟೆಯದ್ದಲ್ಲ. ಕೂಗಿ ಗೆದ್ದವರು ದುಡ್ಡು ಕೊಟ್ಟು, ಅದೇ ಕುಂಬಳಕಾಯಿಯನ್ನು 'ದೇವರಿಗೇ ಇರಲಿ' ಎಂದು ಮತ್ತೆ ಮೇಜಿನ ಮೇಲಿಡುತ್ತಾರೆ. ಅದು ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಹೋಗುತ್ತದೆ. ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ನೆರೆಯವರೂ ನಿಂತು ಕೂಗುತ್ತಾರೆ. ಕೊನೆಗೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ.

ಆ ಹಣದಿಂದ ಚರ್ಚಿನ ಕರೆಂಟ್ ಬಿಲ್ಲು, ಸುಣ್ಣಬಣ್ಣ, ಯಾರದಾದರೂ ಆಸ್ಪತ್ರೆ ಖರ್ಚು, ಮಕ್ಕಳ ಫೀಸು ನಡೆಯುತ್ತದೆ. ನನ್ನ ಮೊದಲ ವರ್ಷದ ಹಾಸ್ಟೆಲ್ ಶುಲ್ಕದ ಒಂದು ಕಂತು ಕಟ್ಟಿದ್ದೂ ಅದರಿಂದಲೇ.

ಈಚೆಗೆ ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆ ಎದ್ದಿತು. ಪೀಣ್ಯದಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರು ಬರೆದರು: 'ಅರ್ಧ ಸಭೆ ಬೆಂಗಳೂರಲ್ಲೇ ಇದೆ. ಬದನೆಕಾಯಿ ಹರಾಜು ಕೂಗೋಕೆ ಯಾಕೆ ಬಸ್ ಹತ್ತಿ ಬರಬೇಕು? ಕ್ಯೂಆರ್ ಕೋಡ್ ಹಾಕಿಬಿಡಿ, ಎಲ್ಲರೂ ಕಳಿಸ್ತೀವಿ.' ಖಜಾಂಚಿ ನನಗೇ ಫೋನ್ ಮಾಡಿದರು: 'ನೀನೇ ಎಂಜಿನಿಯರಿಂಗ್ ಓದೋಳು, ಮಾಡ್ಕೊಡಮ್ಮ.'

ಕೋಡ್ ಮಾಡುವುದು ಐದು ನಿಮಿಷದ ಕೆಲಸ. ಆದರೆ ಹರಾಜನ್ನೇ ನಿಲ್ಲಿಸುವ ಮಾತು ನನಗೆ ಹಿಡಿಸಲಿಲ್ಲ. ನಮ್ಮ ಸಭೆಯಲ್ಲಿ ಸ್ವಂತ ಜಮೀನಿಲ್ಲದ ಕೂಲಿಯವರೇ ಹೆಚ್ಚು. ಕ್ಯೂಆರ್ ಕೋಡ್‌ಗೆ ಇಪ್ಪತ್ತು ರೂಪಾಯಿ ಹಾಕಿದರೆ ಅದು ಇಪ್ಪತ್ತೇ. ಅದೇ ಹಿತ್ತಲಲ್ಲಿ ಬೆಳೆದ ಒಂದು ಕಟ್ಟು ಕೊತ್ತಂಬರಿ ತಂದಿಟ್ಟರೆ ಅದು ಐನೂರಾಗಬಹುದು. ತಂದ ಅಜ್ಜಿಯೂ ಐನೂರು ಕೊಟ್ಟವರೂ ಸಮನಾಗಿ ನಿಲ್ಲುತ್ತಾರೆ. ಎರಡು ಕಾಸು ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಯೇಸು ಹೇಳಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಅದು ನನಗೆ ಅರ್ಥವಾದದ್ದು ಪ್ರಸಂಗದ ಪೀಠದಿಂದಲ್ಲ, ಈ ಬಯಲಿನಿಂದ.

'ಬೆಳೆಯೇ ಇಲ್ಲದ ವರ್ಷ ಏನು ಮಾಡ್ತೀರಿ?' ಎಂದು ಕೇಳಬಹುದು. ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಬರ ಹೊಸದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆ ಸಲ ರಾಗಿ ಮೂಟೆಗಳು ಕಡಿಮೆ. ಅಂಗಡಿಯಿಂದ ತಂದ ಬೆಲ್ಲ, ಸೋಪು, ಒಬ್ಬರು ಹೊಲಿದ ಕೈಚೀಲ, ಹಾಲಿನ ಡೇರಿಗೆ ಹಾಕುವವರು ತಂದ ತುಪ್ಪ ಬಂದವು. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಈಗ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಎಲೆಕ್ಟ್ರಿಕಲ್ ವಿದ್ಯಾರ್ಥಿನಿಯಾಗಿ ನನಗೆ ಅದು ಹೆಮ್ಮೆಯೇ. ಆದರೆ ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕಳೆಯೂ ಇಲ್ಲ, ಕೊಯ್ಲೂ ಇಲ್ಲ. ಸುಗ್ಗಿ ಎಂದರೆ ಯಾರ ಸುಗ್ಗಿ ಎಂದು ಯೋಚಿಸುವ ಒಂದು ದಿನವಾದರೂ ಇರಲಿ ಎನಿಸುತ್ತದೆ.

ಗುಂಪಿನಲ್ಲಿ ನಾನು ಬರೆದದ್ದು ಇಷ್ಟೇ: 'ಕೋಡ್ ಮಾಡಿಕೊಡ್ತೀನಿ, ದೂರದಲ್ಲಿರೋರಿಗೆ. ಹರಾಜು ಮಾತ್ರ ನಿಲ್ಲಬಾರದು. ಬರೋಕಾಗದೋರು ವಿಡಿಯೊ ಕಾಲ್‌ನಲ್ಲಿ ಕೂಗಲಿ.' ಹಿರಿಯರು ಒಪ್ಪಿದರು. ಪೀಣ್ಯದ ಅಣ್ಣ ಮೊದಲ ಹೆಸರು ಬರೆಸಿದರು, ಕುಂಬಳಕಾಯಿಗೆ!

ನಿಮ್ಮೂರಿನ ಜಾತ್ರೆ, ಉರುಸು, ಸುಗ್ಗಿಯಲ್ಲೂ ಇಂಥದ್ದೊಂದು ಲೆಕ್ಕ ಇದ್ದೇ ಇರುತ್ತದೆ. ಓದು, ಕೆಲಸ ಎಂದು ಊರು ಬಿಟ್ಟ ನಾವು 'ಹಳೇ ಪದ್ಧತಿ' ಎಂದು ತೆಗೆದುಹಾಕುವ ಮುಂಚೆ, ಅದರಿಂದ ಯಾರ ಮನೆಯ ಫೀಸು ಕಟ್ಟಲಾಗಿದೆ ಎಂದು ಒಮ್ಮೆ ಮನೆಯ ಹಿರಿಯರನ್ನು ಕೇಳೋಣ.