ರೆಪ್ಪೆ ಎತ್ತಿಸುವ ಚುಚ್ಚುಮದ್ದು

ನಾಗರಹಾವಿನ ವಿಷ ಏರಿದವರ ಮೈಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಕಣ್ಣಿನ ರೆಪ್ಪೆ. ಕೈಕಾಲು ಇನ್ನೂ ಆಡುತ್ತಿರುತ್ತವೆ. ಆದರೆ ವೈದ್ಯರು ‘ಮೇಲೆ ನೋಡಿ’ ಎಂದರೆ ರೆಪ್ಪೆ ಏಳುವುದಿಲ್ಲ. ಹಣೆ ಸುಕ್ಕಾಗಿಸಿ, ತಲೆಯನ್ನೇ ಹಿಂದಕ್ಕೆ ಬಾಗಿಸಿ ಅರೆಗಣ್ಣಲ್ಲಿ ನೋಡುತ್ತಾರೆ. ಆಮೇಲೆ ನುಂಗುವುದು ಕಷ್ಟ, ಎಂಜಲು ಕಟವಾಯಿಂದ ಸೋರುತ್ತದೆ, ಕುತ್ತಿಗೆ ನಿಲ್ಲುವುದಿಲ್ಲ. ಕೊನೆಗೆ ಉಸಿರೆಳೆಯುವ ಸ್ನಾಯುಗಳೂ ಕೈಬಿಡುತ್ತವೆ. ಇಂಥವರಿಗೆ ಆಸ್ಪತ್ರೆಯಲ್ಲಿ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಎಂಬ ಇನ್ನೊಂದು ಚುಚ್ಚುಮದ್ದು ಕೊಡುತ್ತಾರೆ. ಕಚ್ಚಿದ್ದು ನಾಗರಹಾವಾದರೆ ಅನೇಕರಲ್ಲಿ ಸ್ವಲ್ಪ ಹೊತ್ತಿಗೇ ರೆಪ್ಪೆ ಮೇಲೇಳುತ್ತದೆ. ಕಟ್ಟುಹಾವು, ಅಂದರೆ ಕ್ರೇಟ್, ಕಚ್ಚಿದ್ದರೆ ಅದೇ ಮದ್ದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಲಕ್ಷಣ ಒಂದೇ, ಮದ್ದು ಒಂದೇ, ಫಲ ಮಾತ್ರ ಬೇರೆ. ಏಕೆಂದು ತಿಳಿಯಬೇಕಾದರೆ ನರದ ತುದಿಗೆ ಹೋಗಬೇಕು.

ನರ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಸಂದು ಇದೆ. ಮಿದುಳಿನ ಅಪ್ಪಣೆ ನರದ ತುದಿ ತಲುಪಿದೊಡನೆ ಅಲ್ಲಿನ ಸಣ್ಣ ಸಣ್ಣ ಚೀಲಗಳು ಒಡೆದು ಅಸಿಟೈಲ್‌ಕೋಲಿನ್ ಸಂದಿಗೆ ಸುರಿಯುತ್ತದೆ. ಆಚೆ ದಡದ ಗ್ರಾಹಕಗಳಿಗೆ ಅದು ಅಂಟಿಕೊಂಡರೆ ಸ್ನಾಯು ಸೆಳೆದುಕೊಳ್ಳುತ್ತದೆ. ಮರುಗಳಿಗೆಯಲ್ಲೇ ಅಲ್ಲಿರುವ ಕಿಣ್ವವೊಂದು ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುತ್ತದೆ. ಒಂದೊಂದು ಕಿಣ್ವದ ಅಣುವೂ ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯಬಲ್ಲದು. ಸಂದು ಖಾಲಿಯಾದರೆ ತಾನೇ ಮುಂದಿನ ಅಪ್ಪಣೆಗೆ ಬೆಲೆ? ನರಗಳು ಹೀಗೆ ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂಬುದನ್ನು 1921ರಲ್ಲಿ ಆಟೋ ಲೋವಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು.

ನಾಗರಹಾವಿನ ವಿಷ ಗ್ರಾಹಕಗಳ ಮೇಲೆ ಕುಳಿತುಬಿಡುತ್ತದೆ. ಅಸಿಟೈಲ್‌ಕೋಲಿನ್ ಬರುತ್ತದೆ, ಅಂಟಿಕೊಳ್ಳಲು ಜಾಗವಿಲ್ಲ, ಅಷ್ಟರಲ್ಲಿ ಕಿಣ್ವ ಅದನ್ನು ಮುಗಿಸುತ್ತದೆ. ನಿಯೋಸ್ಟಿಗ್ಮಿನ್ ವಿಷದ ತಂಟೆಗೆ ಹೋಗುವುದೇ ಇಲ್ಲ. ಅದು ಕಿಣ್ವವನ್ನು ತಡೆಯುತ್ತದೆ. ಸಂದಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿದು, ಖಾಲಿ ಇರುವ ಅಷ್ಟಿಷ್ಟು ಗ್ರಾಹಕಗಳನ್ನೇ ಮತ್ತೆ ಮತ್ತೆ ಹಿಡಿದು ಸ್ನಾಯುವನ್ನು ಎಬ್ಬಿಸುತ್ತದೆ. ಈ ಉಪಾಯ ಮೊದಲು ಹೊಳೆದದ್ದು ಹಾವು ಕಡಿತಕ್ಕಲ್ಲ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ರೆಪ್ಪೆ ಜೋತು ಬಿದ್ದು ಸ್ನಾಯುಗಳೆಲ್ಲ ಸೊರಗುವ ಮಯಸ್ತೇನಿಯಾ ಕಾಯಿಲೆಗೂ ಬಾಣದ ವಿಷವಾದ ಕ್ಯುರಾರೆಯ ಲಕ್ಷಣಗಳಿಗೂ ಹೋಲಿಕೆ ಕಂಡರು. ಕ್ಯುರಾರೆಗೆ ಪ್ರತಿಮದ್ದೆಂದು ತಿಳಿದಿದ್ದ ಫೈಸೊಸ್ಟಿಗ್ಮಿನ್ ಕೊಟ್ಟು ನೋಡಿದರು. ಹೊತ್ತು ಹೋಗದೆ ರೋಗಿಯ ರೆಪ್ಪೆ ಎದ್ದಿತು. ಆ ಮದ್ದು ಬಂದದ್ದು ಪಶ್ಚಿಮ ಆಫ್ರಿಕಾದ ಕ್ಯಾಲಬಾರ್ ಕಾಳಿನಿಂದ. ಆರೋಪಿಗಳಿಗೆ ತಿನ್ನಿಸಿ ಸತ್ಯಪರೀಕ್ಷೆ ನಡೆಸುತ್ತಿದ್ದ ಅದೇ ವಿಷದ ಕಾಳು. ನಿಯೋಸ್ಟಿಗ್ಮಿನ್ ಅದೇ ಬಗೆಯ, ಪ್ರಯೋಗಾಲಯದಲ್ಲಿ ಹುಟ್ಟಿದ ಮದ್ದು.

ಒಂದು ತೊಡಕಿದೆ. ಅಸಿಟೈಲ್‌ಕೋಲಿನ್ ಹೃದಯ, ಕರುಳು, ಎಂಜಲಿನ ಗ್ರಂಥಿಗಳಲ್ಲೂ ಕೆಲಸ ಮಾಡುತ್ತದೆ. ಅಲ್ಲೂ ಅದು ಹೆಚ್ಚಿದರೆ ನಾಡಿ ಕುಸಿದು, ಎದೆಯಲ್ಲಿ ದ್ರವ ತುಂಬಿಕೊಳ್ಳುತ್ತದೆ. ಅದಕ್ಕೇ ನಿಯೋಸ್ಟಿಗ್ಮಿನ್‌ಗೆ ಮುಂಚೆ ಅಟ್ರೋಪಿನ್ ಕೊಡುತ್ತಾರೆ. ಹೃದಯ ಮತ್ತು ಗ್ರಂಥಿಗಳ ಗ್ರಾಹಕಗಳು ಒಂದು ಜಾತಿ, ಕೈಕಾಲು ಆಡಿಸುವ ಸ್ನಾಯುಗಳದ್ದು ಇನ್ನೊಂದು ಜಾತಿ. ಅಟ್ರೋಪಿನ್ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ಬಿಟ್ಟುಬಿಡುತ್ತದೆ. ಔಷಧಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಚೆಂದದ ಜೋಡಿ ಕಂಡಿಲ್ಲ. ಹೊಲಕ್ಕೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಕೀಟನಾಶಕವೂ ಇದೇ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಆ ವಿಷಬಾಧೆಗೂ ಅಟ್ರೋಪಿನ್ನೇ ಆಸರೆ.

ಕಟ್ಟುಹಾವಿನ ದಾರಿ ಬೇರೆ. ಅದರ ವಿಷದಲ್ಲಿ ಗ್ರಾಹಕ ಮುಚ್ಚುವ ಅಂಶವೂ ಇದೆ, ಆದರೆ ದೊಡ್ಡ ಹಾನಿ ಮಾಡುವುದು ನರದ ತುದಿಯನ್ನೇ ಕೆಡಿಸುವ ಅಂಶ. ಅಸಿಟೈಲ್‌ಕೋಲಿನ್ ತುಂಬಿದ ಚೀಲಗಳು ಬರಿದಾಗಿ, ತುದಿಯೇ ಹಾಳಾಗುತ್ತದೆ. ಉಳಿಸಿಕೊಳ್ಳಲು ಅಸಿಟೈಲ್‌ಕೋಲಿನ್ ಇದ್ದರೆ ತಾನೇ ನಿಯೋಸ್ಟಿಗ್ಮಿನ್‌ಗೆ ಕೆಲಸ? ಪ್ರತಿವಿಷ ರಕ್ತದಲ್ಲಿರುವ ವಿಷವನ್ನು ಕಟ್ಟಿಹಾಕುತ್ತದೆ, ಆಗಿಹೋದ ಹಾನಿಯನ್ನು ಸರಿಪಡಿಸದು. ನರದ ತುದಿ ತಾನಾಗಿ ಮತ್ತೆ ಬೆಳೆಯಬೇಕು. ಅಲ್ಲಿಯವರೆಗೆ ಕೆಲವೊಮ್ಮೆ ದಿನಗಟ್ಟಲೆ ವೆಂಟಿಲೇಟರ್ ಉಸಿರಾಡಿಸಬೇಕು.

ಈ ಹಾವು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು. ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಕಟ್ಟಿದಂತೆ, ರೆಪ್ಪೆ ಭಾರ. ಗ್ಯಾಸ್ ಎಂದುಕೊಂಡು ಮನೆಯಲ್ಲೇ ಉಳಿದವರಿಗೆ ಹೊತ್ತು ಮೀರುತ್ತದೆ. ಪಾರ್ಶ್ವವಾಯು ಪೂರ್ತಿ ಆವರಿಸಿದಾಗ ಕಣ್ಣಪಾಪೆ ಕೂಡ ಹಿಗ್ಗಿ ನಿಂತುಬಿಡುತ್ತದೆ. ನೋಡಿದವರು ಮಿದುಳೇ ಸತ್ತಿದೆ ಎಂದುಕೊಳ್ಳಬಹುದು. ಆದರೆ ವಿಷ ಮುಟ್ಟಿರುವುದು ನರದ ತುದಿಯನ್ನು, ಮಿದುಳನ್ನಲ್ಲ. ಉಸಿರು ತಪ್ಪದಂತೆ ನೋಡಿಕೊಂಡಿದ್ದರೆ ರೋಗಿಗೆ ಎಚ್ಚರ ಇರಬಹುದು, ಮಂಚದ ಸುತ್ತ ಆಡುವ ಮಾತೆಲ್ಲ ಕೇಳುತ್ತಿರಬಹುದು. ಅವರೊಡನೆ ಮಾತಾಡಬೇಕು, ಏನು ಮಾಡುತ್ತಿದ್ದೇವೆ ಎಂದು ಹೇಳಬೇಕು, ಮಿಟುಕಿಸಲಾಗದ ಕಣ್ಣು ಒಣಗದಂತೆ ನೋಡಿಕೊಳ್ಳಬೇಕು. ವೆಂಟಿಲೇಟರ್ ಇಲ್ಲದ ಕಡೆ ಉಸಿರು ತುಂಬುವ ಆಂಬು ಬ್ಯಾಗನ್ನು ಕೈಯಲ್ಲಿ ಒತ್ತುತ್ತ ದೊಡ್ಡಾಸ್ಪತ್ರೆಗೆ ಸಾಗಿಸಿದರೂ ಜೀವ ಉಳಿಯಬಹುದು.

ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ರೆಪ್ಪೆ ಜೋತು ಬಿದ್ದವರು ಯಾವ ತಾಲ್ಲೂಕಿನಿಂದ ಹೆಚ್ಚು ಬರುತ್ತಾರೆ ಎಂಬ ಲೆಕ್ಕ ಕೈಗೆ ಸಿಕ್ಕರೆ, ವೆಂಟಿಲೇಟರೂ ಅದನ್ನು ನಡೆಸಬಲ್ಲ ಸಿಬ್ಬಂದಿಯೂ ಮೊದಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಬಹುದು.