ತಲೆಗೆ ಪೆಟ್ಟು ಬಿದ್ದಾಗ ಮೆದುಳಿನೊಳಗೆ ಏನಾಗುತ್ತದೆ?



ಪ್ರೋಟೀನು ಅಂದಕೂಡಲೇ ನಮಗೆ ನೆನಪಾಗುವುದು ಹೆಸರುಕಾಳು, ಶೇಂಗಾ, ಮೊಟ್ಟೆ. ಆದರೆ ನಮ್ಮ ದೇಹವೂ ಸಾವಿರಾರು ಬಗೆಯ ಪ್ರೋಟೀನು ತಯಾರಿಸುತ್ತದೆ. ಅವುಗಳಲ್ಲಿ ಒಂದು ಗುಂಪಿನ ಕೆಲಸ ಜೀನ್‌ಗಳನ್ನು, ಅಂದರೆ ವಂಶವಾಹಿಗಳನ್ನು, ನಿಯಂತ್ರಿಸುವುದು.

ಸಂಘದ ಲೆಕ್ಕದಲ್ಲಿ ಹೇಳುವುದಾದರೆ, ಬ್ಯಾಂಕಿನಲ್ಲಿ ನಮ್ಮ ಉಳಿತಾಯ ಇದ್ದೇ ಇರುತ್ತದೆ. ಪ್ರತಿನಿಧಿಗಳ ಸಹಿ ಇಲ್ಲದೆ ಒಂದು ರೂಪಾಯಿಯೂ ಹೊರಗೆ ಬರುವುದಿಲ್ಲ. ಹಾಗೆಯೇ ನಮ್ಮ ಜೀವಕೋಶಗಳಲ್ಲಿ ಸುಮಾರು 20,000 ಜೀನ್‌ಗಳಿವೆ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಸಹಿ ಹಾಕುವವು ಈ ನಿಯಂತ್ರಕ ಪ್ರೋಟೀನುಗಳು.

ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದರೆ ಇವು ಸ್ವಲ್ಪ ಹೊತ್ತಿನಲ್ಲೇ ಎಚ್ಚರಗೊಳ್ಳುತ್ತವೆ. ಎನ್‌ಎಫ್-ಕಪ್ಪಾ-ಬಿ ಎಂಬುದು ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ. ಸತ್ತ ಕೋಶಗಳನ್ನು ತೆಗೆಯಲು ಅದು ಬೇಕು. ಹೆಚ್ಚಾದರೆ ಮೆದುಳು ಬಾಯುತ್ತದೆ. ಕಾಲು ಬಾತರೆ ಜಾಗವಿದೆ, ತಲೆಬುರುಡೆಯೊಳಗೆ ಜಾಗ ಎಲ್ಲಿದೆ? ಎನ್‌ಆರ್‌ಎಫ್-2 ಎಂಬ ಇನ್ನೊಂದು ಪ್ರೋಟೀನು ಕೋಶಗಳನ್ನು ಕಾಪಾಡಲು ನೋಡುತ್ತದೆ. ಈ ಎಳೆದಾಟ ದಿನಗಟ್ಟಲೆ ನಡೆಯುತ್ತದೆ. ಒಳಗೆ ನಿಧಾನವಾಗಿ ರಕ್ತ ಸೋರುವುದೂ ಉಂಟು. ಆದ್ದರಿಂದಲೇ ಎದ್ದು ಕೂತು ಚಹಾ ಕುಡಿದವರು ರಾತ್ರಿ ಪ್ರಜ್ಞೆ ತಪ್ಪಬಹುದು. “ಏನೂ ಆಗಿಲ್ಲ ಬಿಡ್ರಿ” ಅನ್ನಬೇಡಿ.

ಈ ಪ್ರೋಟೀನುಗಳನ್ನು ಹದ್ದುಬಸ್ತಿನಲ್ಲಿಟ್ಟು ತಲೆಪೆಟ್ಟು ಗುಣಪಡಿಸುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಹಾಗಾಗಿ ಸಮಯವೇ ಔಷಧ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು, ಫಿಟ್ಸ್, ಕಿವಿ-ಮೂಗಿನಿಂದ ರಕ್ತ ಅಥವಾ ನೀರು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಫಿಟ್ಸ್ ಬಂದವರ ಕೈಗೆ ಕೀಲಿ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದರಿಂದ ಪ್ರಯೋಜನವಿಲ್ಲ.

ಮನೆಗೆ ಬಂದ ಮೇಲೂ ಕೆಲವರಿಗೆ ಸಿಟ್ಟು, ಮರೆವು ಉಳಿಯುತ್ತದೆ. ಅದು ಗಾಳಿ-ದೆವ್ವ ಅಲ್ಲ, ಸೊಕ್ಕೂ ಅಲ್ಲ; ಗಾಯಗೊಂಡ ಮೆದುಳಿನ ಲಕ್ಷಣ. ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ನೆನಪಿಗೆ, ಕಲಿಕೆಗೆ ಬೇಕಾದ ಜೀನ್‌ಗಳಿಗೆ ಸಹಿ ಹಾಕುವ ಪ್ರೋಟೀನು ಕ್ರೆಬ್. ಮತ್ತೆ ಮತ್ತೆ ನಡೆಸುವುದು, ಮಾತಾಡಿಸುವುದು ಮೆದುಳಿಗೆ ಹೊಸದಾಗಿ ಕಲಿಯಲು ನೆರವಾಗುತ್ತದೆ. ವ್ಯಾಯಾಮ ಅರ್ಧಕ್ಕೆ ಬಿಡಬೇಡಿ.

ಪೆಟ್ಟಿಲ್ಲದೆಯೂ ಇಂಥ ಪ್ರೋಟೀನು ಕೆಡಬಹುದು. ರೆಟ್ ಸಿಂಡ್ರೋಮ್ ಬರುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಚೆನ್ನಾಗಿ ಬೆಳೆಯುತ್ತಿದ್ದ ಕೂಸು ಕಲಿತ ಮಾತನ್ನೂ ಕೈಯಾಟವನ್ನೂ ಕಳೆದುಕೊಳ್ಳುತ್ತದೆ. ಎಂಇಸಿಪಿ-2 ಎಂಬ ನಿಯಂತ್ರಕ ಪ್ರೋಟೀನಿನ ಜೀನ್‌ನಲ್ಲಿ ದೋಷವಿರುವುದೇ ಇದಕ್ಕೆ ಕಾರಣವೆಂದು 1999ರಲ್ಲಿ ಗೊತ್ತಾಯಿತು. ಈ ದೋಷ ಬಹುತೇಕ ತಾನಾಗಿಯೇ ಹುಟ್ಟುತ್ತದೆ. ಯಾವ ತಾಯಿಯನ್ನೂ ದೂರಬೇಡಿ, “ಶಾಪ” ಅನ್ನಬೇಡಿ.

ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ 2016ರಿಂದ ಕಡ್ಡಾಯ. ಆದರೂ ಅಡ್ಡ ಕೂತ ನಮ್ಮ ತಲೆ ಬರಿದಾಗಿಯೇ ಇರುತ್ತದೆ. ಮುಂದಿನ ಸಭೆಯಲ್ಲಿ ಒಂದು ಠರಾವು ಬರೆಯಿರಿ: ಸಂಘದಿಂದ ಗಾಡಿಗೆ ಸಾಲ ಕೊಡುವಾಗ ಎರಡು ಹೆಲ್ಮೆಟ್‌ನ ದುಡ್ಡೂ ಅದರಲ್ಲಿ ಸೇರಲಿ. ದೇವರು ಕೊಟ್ಟ ತಲೆಗೆ ನಾವೇ ಕಾವಲು.