ವೃತ್ತ ಮೊಟ್ಟೆಯಾದಾಗ

ಚೌಕಟ್ಟು ಎದ್ದು ನಿಂತಿದೆ. ಮೂರು ಮೋಟಾರುಗಳೂ ತಿರುಗುತ್ತಿವೆ. ಕಂಪ್ಯೂಟರಿನ ಅಪ್ಪಣೆಯಂತೆ ಮೇಜು ಅತ್ತಿತ್ತ ಸರಿಯುತ್ತಿದೆ. ಕಟರ್ ಇರಬೇಕಾದ ಜಾಗಕ್ಕೆ ಪೆನ್ನು ಕಟ್ಟಿ, ಕಾಗದದ ಮೇಲೆ ಒಂದು ವೃತ್ತ ಬರೆಯಲು ಯಂತ್ರಕ್ಕೆ ಹೇಳಿದ್ದೂ ಆಯಿತು. ಬಂದದ್ದು ಮಾತ್ರ ಕೋಳಿಮೊಟ್ಟೆ! 'ಇಷ್ಟು ದುಡ್ಡು ಸುರಿದದ್ದು ಇದಕ್ಕೇನಾ?' ಎಂದು ಅಪ್ಪ ಕೇಳುವುದೂ, ಮಗ ಮುಖ ಸಪ್ಪೆ ಮಾಡಿಕೊಂಡು ಕೈಗೆ ಸಿಕ್ಕ ಸ್ಕ್ರೂಗಳನ್ನೆಲ್ಲ ತಿರುಗಿಸಲು ಹೊರಡುವುದೂ ಇಂಥ ಹೊತ್ತಿನಲ್ಲೇ.

ತಾಳಿ, ಆ ಕಾಗದವನ್ನು ಹರಿಯಬೇಡಿ. ಯಂತ್ರ ತನ್ನ ಕಾಯಿಲೆ ಏನೆಂದು ತಾನೇ ಬರೆದುಕೊಟ್ಟ ಚೀಟಿ ಅದು. ಅದನ್ನು ಓದಲು ಕಲಿಯುವುದೇ ಮನೆಯಲ್ಲಿ ಸಿಎನ್‌ಸಿ ಯಂತ್ರ ಕಟ್ಟುವುದರ ದೊಡ್ಡ ಲಾಭ.

ಅಂಕಿಗಳ ಅಪ್ಪಣೆ

ಕೈಯಿಂದ ಚಕ್ರ ತಿರುಗಿಸುವ ಬದಲು ಅಂಕಿಗಳ ಮೂಲಕ ನಡೆಸುವ ಯಂತ್ರವೇ ಸಿಎನ್‌ಸಿ. ಹೆಲಿಕಾಪ್ಟರಿನ ರೆಕ್ಕೆಯಂಥ ಬಾಗುಗಳನ್ನು ಕೈಯಿಂದ ಕರಾರುವಾಕ್ಕಾಗಿ ಕೊರೆಯುವುದು ಕಷ್ಟವೆಂದು ಅಮೆರಿಕದ ಜಾನ್ ಪಾರ್ಸನ್ಸ್ ಇದರ ಬೆನ್ನು ಹತ್ತಿದರು. 1952ರಲ್ಲಿ ಅಲ್ಲಿನ ಎಂಐಟಿ ಸಂಸ್ಥೆ ತೂತು ಹೊಡೆದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಮರುವರ್ಷವೇ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಬಂತು. ಹೀಗೆ ಬಹುಕಾಲ ಕಾರ್ಖಾನೆಗಳ ಸೊತ್ತಾಗಿದ್ದ ಈ ವಿದ್ಯೆಯನ್ನು ಮನೆಯ ಮೇಜಿಗೆ ಇಳಿಸಿದ್ದು ಆರ್ಡುಯಿನೊ ಎಂಬ ಪುಟ್ಟ ಬೋರ್ಡು ಮತ್ತು ನಾರ್ವೆಯ ಸಿಮೆನ್ ಸ್ಕಾಗ್ಸೆತ್ 2009ರಲ್ಲಿ ಆರಂಭಿಸಿದ 'ಜಿಆರ್‌ಬಿಎಲ್' ಎಂಬ ಉಚಿತ ತಂತ್ರಾಂಶ.

ನಮ್ಮ ಸೀಮೆಗೆ ಲೋಹದ ಕೆಲಸ ಹೊಸದೇನಲ್ಲ. ಶ್ರೀರಂಗಪಟ್ಟಣ ಟಿಪ್ಪುವಿನ ಕಾಲದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಹೆಸರಾಗಿತ್ತು. ನಾಗಮಂಗಲ ಹಿತ್ತಾಳೆ ಕೆಲಸಕ್ಕೆ. ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಗಾಣದ ರೋಲರುಗಳ ನಡುವಿನ ಸಂದು ತುಸು ಹೆಚ್ಚಾದರೂ ಸಿಪ್ಪೆಯಲ್ಲಿ ಹಾಲು ಉಳಿದುಬಿಡುತ್ತದೆಂದು ಎಲ್ಲರಿಗೂ ಗೊತ್ತು. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಸಂದು, ಸಡಿಲ, ಬಿಗಿ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ಹುಡುಗ ಹುಡುಗಿಯರಿಗೆ ಈ ಯಂತ್ರ ಅರ್ಥವಾಗದೆ ಇರದು.

ಮೊದಲು ಲೆಕ್ಕ

ಸ್ಟೆಪ್ಪರ್ ಮೋಟಾರು ಗಡಿಯಾರದ ಮುಳ್ಳಿನಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಬೋರ್ಡು ಪ್ರತಿ ಹೆಜ್ಜೆಯನ್ನು 8 ಭಾಗ ಮಾಡಿದರೆ ಸುತ್ತಿಗೆ 1,600. ಮೋಟಾರಿಗೆ ಜೋಡಿಸಿದ ಸ್ಕ್ರೂ ಒಂದು ಸುತ್ತಿಗೆ ಮೇಜನ್ನು 8 ಮಿ.ಮೀ. ಸರಿಸುತ್ತದೆ ಎನ್ನಿ. 1,600ನ್ನು 8ರಿಂದ ಭಾಗಿಸಿ: ಒಂದು ಮಿ.ಮೀ.ಗೆ 200 ಹೆಜ್ಜೆ. ತಂತ್ರಾಂಶಕ್ಕೆ ಕೊಡಬೇಕಾದ ಅಂಕಿ ಇದೇ. ಅಳತೆ ತಪ್ಪಿದಾಗ ಈ ಅಂಕಿಯನ್ನೇ ಹಿಗ್ಗಿಸಿ ಕುಗ್ಗಿಸಿ ದೋಷ ಮುಚ್ಚುವವರು ಬಹಳ. ಲೆಕ್ಕ ಸರಿಯಿದ್ದರೆ ಅದನ್ನು ಮುಟ್ಟಬೇಡಿ. ಕಾಯಿಲೆ ಬೇರೆ ಕಡೆ ಇದೆ.

ಚೀಟಿ ಓದುವುದು

ಈಗ ವೃತ್ತಕ್ಕೆ ಬನ್ನಿ. ಅದು ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಗ್ಗಿದ್ದರೆ ಎರಡು ದಾರಿಗಳು ಒಂದಕ್ಕೊಂದು ಲಂಬವಾಗಿಲ್ಲ ಎಂದರ್ಥ. ಮನೆಗೆ ಪಾಯ ಹಾಕುವಾಗ ಗಾರೆಯವರು ಮೂಲೆಮಟ್ಟ ನೋಡುವ 3-4-5ರ ಉಪಾಯವೇ ಇಲ್ಲಿಯೂ. ಒಂದು ಬಿಂದುವಿನಿಂದ ಒಂದು ದಾರಿಯಲ್ಲಿ 300 ಮಿ.ಮೀ., ಇನ್ನೊಂದರಲ್ಲಿ 400 ಮಿ.ಮೀ. ಸರಿಸಿ ಗುರುತು ಹಾಕಿ. ಎರಡು ಗುರುತುಗಳ ನಡುವೆ 500 ಮಿ.ಮೀ. ಇರಲೇಬೇಕು.

ಓರೆಯಿಲ್ಲದೆ ಒಂದೇ ದಿಕ್ಕಿನಲ್ಲಿ ಕುಗ್ಗಿದ್ದರೆ? ಎರಡು ವೃತ್ತ ಬರೆಸಿ. ಒಂದು 50 ಮಿ.ಮೀ., ಇನ್ನೊಂದು 100 ಮಿ.ಮೀ. ವ್ಯಾಸದ್ದು. ದೊಡ್ಡದರಲ್ಲಿ ಕೊರತೆಯೂ ಇಮ್ಮಡಿಯಾದರೆ ಹೆಜ್ಜೆಯ ಲೆಕ್ಕ ತಪ್ಪಿದೆ. ಎರಡರಲ್ಲೂ ಕೊರತೆ ಅಷ್ಟೇ ಇದ್ದರೆ ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲವಿದೆ. ಮೆಕ್ಯಾನಿಕ್ಕುಗಳು ಇದನ್ನು 'ಪ್ಲೇ' ಎನ್ನುತ್ತಾರೆ. ಸೈಕಲ್ ಪೆಡಲನ್ನು ಹಿಂದಕ್ಕೆ ತುಳಿದು ಮತ್ತೆ ಮುಂದಕ್ಕೆ ತುಳಿದಾಗ ಚೈನು ಹಿಡಿಯುವ ಮೊದಲು ಕಾಲು ಒಂದಿಷ್ಟು ವ್ಯರ್ಥವಾಗಿ ಹೋಗುವುದಿಲ್ಲವೇ? ಹಾಗೆಯೇ ಇದು. ಮೇಜು ದಿಕ್ಕು ಬದಲಿಸುವ ನಾಲ್ಕು ಕಡೆ ವೃತ್ತದ ಅಂಚು ಚಪ್ಪಟೆಯಾಗಿರುವುದೂ ಇದರದೇ ಗುರುತು. ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿದರೆ ಬಹುಮಟ್ಟಿಗೆ ವಾಸಿ.

ಗೆರೆ ಹೊರಟ ಜಾಗಕ್ಕೆ ವಾಪಸು ಬಂದು ಸೇರದಿದ್ದರೆ ಮೋಟಾರು ಹೆಜ್ಜೆ ತಪ್ಪಿಸಿದೆ, ಇಲ್ಲವೇ ಕಪ್ಲಿಂಗಿನ ಸ್ಕ್ರೂ ಜಾರಿದೆ. ಕರೆಂಟು ತೆಗೆದು, ಸ್ಕ್ರೂವನ್ನು ಕೈಯಿಂದ ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ. ಎಲ್ಲೋ ಒಂದು ಕಡೆ ಬಿಗಿಯೆನಿಸಿದರೆ ಸ್ಕ್ರೂ ಓರೆಯಾಗಿ ಕೂತಿದೆ. ಬಿಗಿಯಿಲ್ಲದಿದ್ದರೆ ವೇಗ ಕಡಿಮೆ ಮಾಡಿ ನೋಡಿ. ಕಟರ್ ಮೋಟಾರು ಚಾಲೂ ಮಾಡಿದ ಕೂಡಲೇ ಯಂತ್ರ ತಾನಾಗಿ ನಿಂತುಬಿಟ್ಟರೆ ತುದಿಯ ಸ್ವಿಚ್ಚುಗಳ ತಂತಿಯನ್ನು ಅನುಮಾನಿಸಿ. ಅದನ್ನು ಮೋಟಾರಿನ ತಂತಿಯಿಂದ ದೂರ ಒಯ್ಯಬೇಕು.

ಒಂದು ನಿಯಮ ಮಾತ್ರ ಮರೆಯಬೇಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಮತ್ತೆ ಬರೆಸಿ, ಅಳೆಯಿರಿ. ಒಟ್ಟಿಗೆ ಮೂರನ್ನು ತಿರುಗಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ನಾಳೆ ಮತ್ತೆ ಕೆಟ್ಟಾಗ ಮೊದಲಿನಿಂದ ಹುಡುಕಬೇಕು.

ಅಪ್ಪ ಅಮ್ಮಂದಿರಿಗೆ

ಪೆನ್ನಿನ ಜಾಗಕ್ಕೆ ಕಟರ್ ಬಂದ ದಿನ ಹತ್ತಿರ ದೊಡ್ಡವರೊಬ್ಬರು ಇರಿ. ಕಣ್ಣಿಗೆ ಕನ್ನಡಕ ಬೇಕು. ಕೈಗವಸು, ದುಪಟ್ಟಾ, ಬಿಟ್ಟ ಜಡೆ ಕೂಡದು. ತಿರುಗುವ ಕಟರ್ ಅವನ್ನು ಸೆಳೆದುಕೊಳ್ಳುತ್ತದೆ. ಕೈಗೆಟುಕುವಲ್ಲಿ ತುರ್ತು ನಿಲುಗಡೆಯ ಗುಂಡಿ ಇರಲಿ, ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇರಲಿ. ಕರೆಂಟು ಇರುವಾಗ ಮೋಟಾರಿನ ತಂತಿ ಕಿತ್ತರೆ ಡ್ರೈವರ್ ಸುಟ್ಟೀತು. ಮೊದಲು ಮೃದುವಾದ ಮರ ಕೊರೆಯಲಿ. ಅಲ್ಯೂಮಿನಿಯಂ ಆಮೇಲೆ.

ದುಡ್ಡು ಹಾಳಾಯಿತೇ ಎಂಬ ಚಿಂತೆ ಸಹಜ. ಈ ಯಂತ್ರ ನಾಳೆಯೇ ಸಂಪಾದಿಸಿ ಕೊಡದು. ಆದರೆ ಪಠ್ಯಪುಸ್ತಕದ ಪೈಥಾಗೊರಸ್, ಅನುಪಾತ, ಲಂಬಕೋನಗಳು ಏಕೆ ಬೇಕೆಂದು ಮಕ್ಕಳಿಗೆ ಇಷ್ಟು ಚೆನ್ನಾಗಿ ಹೇಳುವ ಮೇಷ್ಟ್ರು ಸಿಗುವುದು ಕಷ್ಟ. ಸಂಜೆ ಮನೆಗೆ ಬಂದಾಗ 'ಆಯಿತಾ?' ಎನ್ನುವ ಬದಲು 'ಇವತ್ತು ಏನು ಅಳೆದೆ?' ಎಂದು ಕೇಳಿ ನೋಡಿ.

ಮಕ್ಕಳೇ, ಆ ಮೊದಲ ಮೊಟ್ಟೆಯನ್ನು ನೋಟ್‌ಬುಕ್ಕಿಗೆ ಅಂಟಿಸಿ ತಾರೀಕು ಹಾಕಿ. ಪ್ರತಿ ಬದಲಾವಣೆಯ ನಂತರದ ವೃತ್ತವನ್ನೂ ಕೆಳಗೆ ಅಂಟಿಸುತ್ತ ಹೋಗಿ. ಏನು ಬದಲಿಸಿದಿರಿ, ಎಷ್ಟು ತಪ್ಪು ಉಳಿಯಿತು ಎಂದು ಪಕ್ಕದಲ್ಲೇ ಬರೆಯಿರಿ. ದುಂಡನೆಯ ವೃತ್ತ ಬರುವ ಹೊತ್ತಿಗೆ ಯಂತ್ರದ ಒಂದೊಂದು ಸ್ಕ್ರೂವೂ ನಿಮಗೆ ಪರಿಚಯವಾಗಿರುತ್ತದೆ.